ಬಾಯಲ್ಲೇ ಮುಗಿದ ಏಳನೆಯ ಹಂತ

ಕೋವಿಡ್‌ನ ಎರಡನೆಯ ಅಲೆಯಲ್ಲಿ ನಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರುಗಳಿಗೆ ಬೀಗ ಬಿದ್ದ ವಾರ, ಸರ್ಜರಿ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿ ಹದಿನಾಲ್ಕು ಹೆಸರುಗಳ ಪಟ್ಟಿಯೊಂದನ್ನು ಕೈಗಿಟ್ಟರು. ಹದಿನಾಲ್ಕೂ ಜನ ಎಂ.ಎಸ್. ಮೊದಲ ವರ್ಷದವರು. ಹಾಸ್ಟೆಲನ್ನು ಕೋವಿಡ್ ವಾರ್ಡ್ ಮಾಡಿದ್ದರಿಂದ ಅವರನ್ನೆಲ್ಲ ಮನೆಗಳಿಗೆ, ಬಾಡಿಗೆ ರೂಮುಗಳಿಗೆ ಕಳಿಸಲಾಗಿತ್ತು.

“ಇನ್ನು ಮೂರು ವಾರಕ್ಕೆ ಇವ್ರನ್ನ ವಾರ್ಡಿಗೆ ಇಳಿಸ್ಬೇಕು ಕಣ್ರೀ. ಅಷ್ಟರಲ್ಲಿ ಚೆಸ್ಟ್ ಟ್ಯೂಬ್ ಹಾಕೋದು ಬರ್ಬೇಕು. ಮನೇಲೇ ಕಲೀಲಿ. ಏನ್ ಬೇಕೋ ಡಬ್ಬಿಗೆ ತುಂಬಿ ಕಳ್ಸಿ” ಎಂದರು.

ನಾನು ಆ ಆಸ್ಪತ್ರೆಯ ಸ್ಕಿಲ್ ಲ್ಯಾಬ್ ನೋಡಿಕೊಳ್ಳುವವನು. ವೈದ್ಯರು ರೋಗಿಯನ್ನು ಮುಟ್ಟುವ ಮೊದಲು ರಬ್ಬರಿನ ಮೈಗಳ ಮೇಲೆ ಕೈ ಪಳಗಿಸಿಕೊಳ್ಳುವ ಕೋಣೆ ಅದು. ನಾನು ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್, ವೈದ್ಯನಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ತಪ್ಪಿಸಿಕೊಳ್ಳುವುದಕ್ಕಲ್ಲ. ಮುಂದೆ ನಡೆದದ್ದಕ್ಕೆಲ್ಲ ನನ್ನ ಸಹಿ ಇತ್ತು.

ಚೆಸ್ಟ್ ಟ್ಯೂಬ್ ಎಂದರೆ ಎದೆಗೂಡಿಗೆ ಹಾಕುವ ನಳಿಕೆ. ಶ್ವಾಸಕೋಶ ಎಲ್ಲೋ ಒಂದು ಕಡೆ ಒಡೆದರೆ ಗಾಳಿ ಸೋರಿ, ಪಕ್ಕೆಲುಬಿನ ಗೋಡೆಗೂ ಶ್ವಾಸಕೋಶಕ್ಕೂ ನಡುವೆ ತುಂಬಿಕೊಂಡು, ಶ್ವಾಸಕೋಶವನ್ನೇ ಹಿಂಡಿಬಿಡುತ್ತದೆ. ಆ ಗಾಳಿಯನ್ನು ಬೇಗ ಹೊರಗೆ ಬಿಡದಿದ್ದರೆ ಮನುಷ್ಯ ಉಳಿಯುವುದಿಲ್ಲ. ಕಂಕುಳಿನ ಕೆಳಗೆ ಎರಡು ಪಕ್ಕೆಲುಬುಗಳ ನಡುವೆ ಚರ್ಮ ಕೊಯ್ದು, ಫೋರ್ಸೆಪ್ಸ್ ಎಂಬ ಮೊಂಡು ಮೂತಿಯ ಇಕ್ಕಳದಿಂದ ಸ್ನಾಯು ಬಿಡಿಸಿ, ಒಳಪೊರೆಯಲ್ಲಿ ದಾರಿ ಮಾಡಿ, ಬೆರಳುಗಾತ್ರದ ಟ್ಯೂಬನ್ನು ಒಳಗೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಜೋಡಿಸಬೇಕು. ಆ ತಿಂಗಳು ಆಕ್ಸಿಜನ್ ಯಂತ್ರಗಳ ಒತ್ತಡಕ್ಕೆ ಕೋವಿಡ್ ರೋಗಿಗಳ ಶ್ವಾಸಕೋಶ ಒಡೆಯುವುದು ಹೆಚ್ಚಾಗಿತ್ತು. ಟ್ಯೂಬ್ ಹಾಕಬಲ್ಲ ಹಿರಿಯರಲ್ಲಿ ಅರ್ಧ ಜನ ತಾವೇ ಸೋಂಕು ತಗುಲಿಸಿಕೊಂಡು ಮಲಗಿದ್ದರು. ಹಾಗಾಗಿ ಮುಖ್ಯಸ್ಥರ ಅವಸರ ಸುಳ್ಳಲ್ಲ.

ಇಡೀ ಕೆಲಸವನ್ನು ಹನ್ನೆರಡು ಹಂತಗಳಾಗಿ ಒಡೆದು ನಾನೇ ಪಟ್ಟಿ ಟೈಪ್ ಮಾಡಿದೆ. ಅದರಲ್ಲಿ ಏಳನೆಯದು ಬೆರಳು. ಟ್ಯೂಬ್ ಹಾಕುವ ಮೊದಲು ತೋರುಬೆರಳನ್ನು ಆ ತೂತಿನೊಳಗೆ ಇಳಿಸಿ ಸುತ್ತಲೂ ಆಡಿಸಬೇಕು. ಶ್ವಾಸಕೋಶ ಗೋಡೆಗೆ ಅಂಟಿಕೊಂಡಿದೆಯೇ, ದಾರಿ ತಪ್ಪಿ ಹೊಟ್ಟೆಯ ಕಡೆಗೆ ಇಳಿದಿದ್ದೇವೆಯೇ ಎಂಬುದು ಆ ಹೊತ್ತಿನಲ್ಲಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ. ಅಂಟಿಕೊಂಡಿದ್ದರೆ ಅಲ್ಲಿ ಟ್ಯೂಬ್ ತೂರಿಸಬಾರದು. ತೂರಿಸಿದರೆ ಅದು ಸೀದಾ ಶ್ವಾಸಕೋಶದೊಳಕ್ಕೇ ಹೋಗುತ್ತದೆ.

ಮನೆಗೆ ಕಳಿಸುವ ಮಾದರಿಯನ್ನು ಹೀಗೆ ಮಾಡಿದೆ. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬನ್ನು ಬೋರಲು ಹಾಕಿ ತಳಕ್ಕೆ ಕಿಟಕಿ ಕೊಯ್ದು, ಆ ಕಿಟಕಿಯ ಮೇಲೆ ಕುರಿಯ ಪಕ್ಕೆಲುಬಿನ ಹಲಗೆಯನ್ನು ಕಟ್ಟುವುದು. ಅದರ ಮೇಲೆ ಚರ್ಮದ ಬದಲು ಸೋಫಾ ರೆಕ್ಸಿನ್. ಪಕ್ಕೆಲುಬನ್ನು ಅವರವರ ಬೀದಿಯ ಮಟನ್ ಅಂಗಡಿಯಿಂದ ತಂದುಕೊಳ್ಳಬೇಕು. ಮಾಂಸ ಒಳಗೆ ಬಾರದ ಮನೆಗಳಿಗೆ ವೈರಿಂಗ್ ಪೈಪಿನ ತುಂಡುಗಳು, ಮೇಲೆ ಯೋಗ ಮಾಡುವ ಮ್ಯಾಟು. ಟಬ್ಬಿನ ಒಳಗೆ ಏನೂ ಇರಲಿಲ್ಲ. ಬರೀ ಗಾಳಿ. ಅದು ನನ್ನ ಮೊದಲನೆಯ ತಪ್ಪು. ಬೆರಳು ಹಾಕಿದರೆ ಮುಟ್ಟುವುದಕ್ಕೆ ಅಲ್ಲಿ ಏನಾದರೂ ಇರಬೇಕಲ್ಲವೇ?

ಲಾಕ್‌ಡೌನಿನ ಬೆಳಗಿನ ಪಾಸ್ ಹಿಡಿದು ಸ್ಕೂಟರಿನಲ್ಲಿ ನಾನೇ ಡಬ್ಬಿಗಳನ್ನು ಹಂಚಿದೆ. ಯಲಹಂಕದಲ್ಲಿ ಮೂವರು, ಯಶವಂತಪುರದಲ್ಲಿ ನಾಲ್ವರು, ಹೆಬ್ಬಾಳದ ಸುತ್ತ ಐವರು. ಅಟ್ಟೂರಿನವನ ಅಜ್ಜಿ ವೈರಿಂಗ್ ಪೈಪು ನೋಡಿಯೂ ನಂಬದೆ, “ಇದ್ರೊಳಗೆ ಏನಾದ್ರೂ ಮೂಳೆಗೀಳೆ ಇದ್ಯಾ?” ಎಂದು ಕೇಳಿ, ಡಬ್ಬಿಯನ್ನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕಕ್ಕೆ ಕಳಿಸಿದರು. ಆರ್.ಟಿ. ನಗರದಲ್ಲಿ ಬಾಗಿಲು ತೆರೆದದ್ದು ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಚುರುಕಿನ ಡಾಕ್ಟರಮ್ಮ. ಹಿಂದಿನಿಂದ ಅವಳ ತಾಯಿ, “ಅಲ್ಲಾ ಸರ್, ಪಕ್ಕೆಲುಬಿಗೆ ಹೊಲಿಗೆ ಹಾಕಿ ಫ್ರಿಜ್ಜಲ್ಲಿ ಇಡ್ತಾಳಂತೆ. ನಾನು ತಪ್ಪಿ ಅದನ್ನೇ ಕುಕ್ಕರಿಗೆ ಹಾಕಿದ್ರೆ?” ಎಂದರು.

“ಅಮ್ಮೀ, ನೀವು ಹಾಕೋ ಖಾರಕ್ಕೆ ದಾರಾನೂ ಬೆಂದೋಗುತ್ತೆ ಬಿಡಿ” ಎಂದಳು ಮಗಳು. ನಾನು ಗೇಟಿನಾಚೆ ನಿಂತು ನಕ್ಕೆ. ಆ ನಗು ಈಗ ನೆನಪಾದರೆ ಹಿಂಸೆಯಾಗುತ್ತದೆ.

ಮೊದಲ ಆನ್‌ಲೈನ್ ತರಗತಿಯಲ್ಲಿ ಒಬ್ಬ ಹುಡುಗ ತನ್ನ ಕೈ ಎತ್ತಿ ತೋರಿಸಿದ. ಕೊಯ್ದ ಪಕ್ಕೆಲುಬಿನ ಚೂಪು ಅಂಚಿಗೆ ತಾಗಿ ಗ್ಲೌಸಿನ ತೋರುಬೆರಳು ಸೀಳಿತ್ತು. ಒಬ್ಬೊಬ್ಬರಿಗೆ ನಾನು ಕೊಟ್ಟದ್ದೇ ಆರು ಜೊತೆ. ಆಗ ವಾರ್ಡಿಗೇ ಗ್ಲೌಸಿಗೆ ಪರದಾಟ.

“ಸರ್, ಪ್ರತಿಸಲ ಬೆರಳು ಹಾಕಿದ್ರೆ ಎರಡೇ ದಿನಕ್ಕೆ ಖಾಲಿ ಆಗುತ್ತೆ” ಎಂದ.

ಮುಖ್ಯಸ್ಥರು ಅರ್ಧ ಕ್ಷಣವೂ ಯೋಚಿಸಲಿಲ್ಲ. “ಗ್ಲೌಸ್ ಹರ್ಕೋಬೇಡ್ರಪ್ಪ. ಆ ಹಂತ ಬಾಯಲ್ಲಿ ಹೇಳ್ಬಿಡಿ, ಸಾಕು. ಗೊತ್ತಿದ್ರೆ ಆಯ್ತಲ್ಲ” ಎಂದರು. ನನ್ನ ಕಡೆ ತಿರುಗಿ, “ಹೇಳಿದ್ರೆ ಟಿಕ್ ಹಾಕ್ಬಿಡಿ ನೀವು” ಎಂದರು.

ನಾನು “ಆಯ್ತು ಸರ್” ಎಂದೆ. ಆ ಎರಡು ಪದಗಳನ್ನು ಹಿಂದಕ್ಕೆ ಪಡೆಯಲು ಸಾಧ್ಯವಿದ್ದರೆ ಏನನ್ನು ಬೇಕಾದರೂ ಕೊಟ್ಟೇನು.

ಎರಡನೆಯ ವಾರದಿಂದ ಅವರ ವಿಡಿಯೊಗಳು ಬರತೊಡಗಿದವು. ಅವನ್ನು ಮುಖ್ಯಸ್ಥರು ನೋಡಿ ಅಂಕ ಹಾಕಬೇಕಿತ್ತು. ಅವರಿಗೆ ಪುರುಸೊತ್ತಿಲ್ಲದೆ ಅದೂ ನನ್ನ ಪಾಲಿಗೆ ಬಂತು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೇಲಿನಿಂದ ತೆಗೆದ ವಿಡಿಯೊಗಳು. ಎರಡು ಕೈ, ಒಂದು ತುಂಡು ರೆಕ್ಸಿನ್, ಒಂದು ಧ್ವನಿ. ಹಂತ ಹೇಳುತ್ತಾರೆ, ನಾನು ಟಿಕ್ ಹಾಕುತ್ತೇನೆ. ಹತ್ತು ನಿಮಿಷದೊಳಗೆ ಟ್ಯೂಬ್ ಒಳಗಿರಬೇಕು, ಇಲ್ಲದಿದ್ದರೆ ನಪಾಸು. ಆ ನಿಯಮ ಬರೆದವನೂ ನಾನೇ.

ಆರ್.ಟಿ. ನಗರದವಳು ಆರು ನಿಮಿಷಕ್ಕೆ ಮುಗಿಸಿದಳು. ಕೈ ಎಲ್ಲೂ ತಡವರಿಸಲಿಲ್ಲ, ಮಾತು ತೊದಲಲಿಲ್ಲ. ಏಳನೆಯ ಹಂತ ಬಂದಾಗ, “ಫಿಂಗರ್ ಸ್ವೀಪ್ ಮಾಡ್ತಿದೀನಿ, ಲಂಗ್ ಎಲ್ಲೂ ಅಂಟಿಲ್ಲ, ಜಾಗ ಫ್ರೀ ಇದೆ” ಎಂದಳು. ನಾನು ತೋರಿಸಿದ ಆ ಒಂದು ವಿಡಿಯೊ ಮುಖ್ಯಸ್ಥರಿಗೆ ಎಷ್ಟು ಹಿಡಿಸಿತೆಂದರೆ, ಉಳಿದ ಹದಿಮೂರು ಜನಕ್ಕೂ ಮಾದರಿಯೆಂದು ಕಳಿಸಿದರು. ಮರುದಿನದಿಂದ ಎಲ್ಲರ ಬಾಯಲ್ಲೂ ಅದೇ ವಾಕ್ಯ, ಅದೇ ರಾಗ. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಇಯರ್‌ಫೋನಿನಲ್ಲೇ ಕೇಳಿ ಬಂದು ಟಿಕ್ ಹಾಕಿದ ದಿನಗಳೂ ಇವೆ. ಕೇಳಿದರೆ ಸಾಕಿತ್ತು, ನೋಡುವುದೇಕೆ?

ಮೂರನೆಯ ವಾರದ ಕೊನೆಗೆ ಹದಿನಾಲ್ಕೂ ಜನ ಪಾಸು. ಹೆಸರುಗಳ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿ ಕೋವಿಡ್ ವಾರ್ಡಿನ ನರ್ಸಿಂಗ್ ಕೌಂಟರಿನಲ್ಲಿ ಅಂಟಿಸಿದೆವು. ಕೆಳಗೆ ಎರಡು ಸಹಿ, ಮುಖ್ಯಸ್ಥರದು ಮತ್ತು ನನ್ನದು. ಎರಡು ಸಹಿ ಇರುವ ಪಟ್ಟಿಯಲ್ಲಿ ಹೆಸರಿದ್ದವರು ಒಬ್ಬರೇ ಟ್ಯೂಬ್ ಹಾಕಬಹುದು, ಅವರು ಕೇಳಿದರೆ ಸಿಸ್ಟರ್ ಬೀರು ತೆಗೆದು ಟ್ರೇ ಕೊಡಬೇಕು ಎಂಬುದು ಆಡಳಿತದವರು ಮೊದಲಿನಿಂದಲೂ ಇಟ್ಟಿದ್ದ ನಿಯಮ. ಉಳಿದ ಹದಿಮೂರು ಜನ ಸೋಮವಾರದಿಂದ ವಾರ್ಡಿಗೆ ಬರುವುದು, ಅವಳೊಬ್ಬಳು ಗುರುವಾರವೇ ಶುರು ಮಾಡುವುದು ಎಂದಾಯಿತು.

ಆ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂಬತ್ತನೆಯ ಹಾಸಿಗೆಯ ಆಕ್ಸಿಜನ್ ಯಂತ್ರ ಸುಮ್ಮನೆ ಕೂಗುತ್ತಿದೆ ಎಂದು ನನ್ನನ್ನು ಕರೆದರು. ಪಿಪಿಇ ಹಾಕಿಕೊಂಡು ಒಳಗೆ ಹೋದೆ. ಯಂತ್ರ ಸುಮ್ಮನೆ ಕೂಗುತ್ತಿರಲಿಲ್ಲ.

ಹಾಸಿಗೆಯಲ್ಲಿದ್ದವರು ಐವತ್ತರ ಆಸುಪಾಸಿನವರು, ಟಿ. ದಾಸರಹಳ್ಳಿಯಲ್ಲಿ ಮನೆ, ಲೇತ್ ಕೆಲಸ. ಅವರ ಹೆಂಡತಿಗೆ ವಿಡಿಯೊ ಕಾಲ್ ಮಾಡಿಸಲು ದಿನವೂ ಟ್ಯಾಬ್ ಹಿಡಿದು ನಿಲ್ಲುತ್ತಿದ್ದವನು ನಾನಾದ್ದರಿಂದ ನನ್ನನ್ನು ಕಂಡರೆ ಕೈ ಎತ್ತುತ್ತಿದ್ದರು. ಅವತ್ತು ಎತ್ತಲಿಲ್ಲ. ಕತ್ತಿನ ನರ ಉಬ್ಬಿತ್ತು, ಎದೆಯ ಬಲಭಾಗ ಏಳುತ್ತಲೇ ಇರಲಿಲ್ಲ. ಎಕ್ಸ್‌ರೇ ಬಂದಿತ್ತು, ಬಲಗಡೆ ಗಾಳಿ ತುಂಬಿತ್ತು. ಮಾನಿಟರಿನಲ್ಲಿ ಆಕ್ಸಿಜನ್ ಎಂಬತ್ತೆರಡು.

ಆರ್.ಟಿ. ನಗರದವಳು ಆಗಲೇ ಟ್ರೇ ಬಿಚ್ಚಿಸಿದ್ದಳು. ಮಾಸ್ಕು, ಕನ್ನಡಕ, ಅದರ ಮೇಲೆ ಮಂಜು ಹಿಡಿದ ಶೀಲ್ಡು; ಧ್ವನಿಯಿಂದ ಮಾತ್ರ ಗುರುತು ಸಿಗುತ್ತಿತ್ತು. ಎದುರಿಗೆ ಹಾಸಿಗೆಯ ಆಚೆ ಬದಿಯಲ್ಲಿ ವಾರ್ಡಿನ ಹಿರಿಯ ಸಿಸ್ಟರ್. ನಾನು ಡಾಕ್ಟರಮ್ಮನ ಹಿಂದೆ, ಯಂತ್ರದ ಪಕ್ಕ. ಅವಳ ಎರಡು ಕೈಗಳೂ ಕೊಯ್ಯಬೇಕಾದ ಜಾಗವೂ ನನಗೆ ಕಾಣುತ್ತಿದ್ದವು. ಸಿಸ್ಟರ್‌ಗೆ ರೋಗಿಯ ಎತ್ತಿದ ತೋಳು ಅಡ್ಡವಿತ್ತು.

ಒಂದೊಂದೇ ಹಂತ ಜೋರಾಗಿ ಹೇಳುತ್ತ ಹೋದಳು. ವಿಡಿಯೊದಲ್ಲಿ ಹೇಳಿದ ಹಾಗೆಯೇ. ಕೊಯ್ದಳು. ಫೋರ್ಸೆಪ್ಸ್ ತೂರಿಸಿ ಅಗಲ ಮಾಡಿದಳು. ಒಳಪೊರೆ ತೆರೆದುಕೊಂಡಾಗ ಬರಬೇಕಾದ ಗಾಳಿಯ ಸದ್ದು ಬರಲಿಲ್ಲ. ಅದು ನನಗೆ ಆಮೇಲೆ ಹೊಳೆಯಿತು. ಬಲಗೈ ಟ್ರೇಯಿಂದ ಟ್ಯೂಬ್ ಎತ್ತಿಕೊಂಡಿತು, ಎಡಗೈಯಲ್ಲಿ ಫೋರ್ಸೆಪ್ಸ್ ಇನ್ನೂ ಗಾಯದಲ್ಲೇ ಇತ್ತು. ಎರಡೂ ಕೈ ತುಂಬಿದ್ದವು. ಆಗ ಆ ಧ್ವನಿ ಹೇಳಿತು:

“ಫಿಂಗರ್ ಸ್ವೀಪ್ ಮಾಡ್ತಿದೀನಿ, ಲಂಗ್ ಎಲ್ಲೂ ಅಂಟಿಲ್ಲ, ಜಾಗ ಫ್ರೀ ಇದೆ.”

ಬೆರಳು ಹಾಕಿಲ್ಲ ಎಂದು ನನಗೆ ಗೊತ್ತಿತ್ತು. ನೋಡುತ್ತಿದ್ದೆ. ಟ್ಯೂಬ್ ಒಳಗೆ ಹೋಗುವ ಮುಂಚೆ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಇತ್ತು. “ಬೆರಳು” ಎಂಬ ಒಂದು ಪದ ಸಾಕಿತ್ತು. ನಾನು ಎಂಜಿನಿಯರ್, ಅವಳು ಡಾಕ್ಟರ್, ಇಷ್ಟು ಜನರ ಎದುರಿಗೆ ಹೇಗೆ ಹೇಳಲಿ ಎಂದು ಬಾಯಿ ಕಟ್ಟಿತು. ಟ್ಯೂಬ್ ಹೋಯಿತು. ಒತ್ತಿದಾಗ ತಡೆಯಿತು. ತಣ್ಣನೆಯ ಫ್ರಿಜ್ಜಿನ ಮಾಂಸದ ಮೇಲೆ ಕಲಿತ ಕೈ ಅದು. ತಡೆದರೆ ಇನ್ನಷ್ಟು ಒತ್ತುವುದು ಅದಕ್ಕೆ ಅಭ್ಯಾಸವಾಗಿತ್ತು. ಒತ್ತಿತು.

“ಡಾಕ್ಟ್ರೇ, ಬೆರಳು ಹಾಕಿದ್ರಾ?” ಸಿಸ್ಟರ್ ಕೇಳಿದರು.

ಅಷ್ಟರಲ್ಲಿ ಟ್ಯೂಬಿನ ತುಂಬ ರಕ್ತ. ಗಾಳಿಯಲ್ಲ, ನೊರೆನೊರೆಯಾದ ಕೆಂಪು ರಕ್ತ. ರೋಗಿ ಒಮ್ಮೆ ಕೆಮ್ಮಿದರು, ಅವರ ಮಾಸ್ಕಿನ ಒಳಗೂ ಕೆಂಪು. ಎಪ್ಪತ್ತನಾಲ್ಕು. ಅರವತ್ತೊಂಬತ್ತು.

“ಹಾಕ್ದೆ ಅಲ್ವಾ? ಹೇಳ್ದೆ ಅಲ್ವಾ?” ಎಂದು ಅವಳು ನನ್ನ ಕಡೆ ತಿರುಗಿ ಕೇಳಿದಳು. ಸಿಸ್ಟರ್ ಕಡೆಗಲ್ಲ, ನನ್ನ ಕಡೆಗೆ. ಟಿಕ್ ಹಾಕುವವನು ನಾನಲ್ಲವೇ.

“ಟ್ಯೂಬ್ ಕೀಳ್ಬೇಡಿ, ಹಾಗೇ ಹಿಡ್ಕೊಳ್ಳಿ!” ಎಂದು ಕೂಗಿ ಸಿಸ್ಟರ್ ಫೋನಿಗೆ ಓಡಿದರು. ಎಮರ್ಜೆನ್ಸಿಯಲ್ಲಿದ್ದ ಹಿರಿಯ ಸರ್ಜನ್ ಒಬ್ಬರು ಬರಬೇಕಿತ್ತು. ಬರುವುದೆಂದರೆ ಪಿಪಿಇ ಹಾಕಿಕೊಂಡು ಬರುವುದು. ಗಾಜಿನ ಬಾಗಿಲಿನಾಚೆ ಅವರು ಒಂದೊಂದೇ ಕಾಲು ತೂರಿಸಿ, ಝಿಪ್ ಎಳೆದು, ಗ್ಲೌಸ್ ಮೇಲೆ ಗ್ಲೌಸ್ ಹಾಕುವುದನ್ನು ನಾನು ನೋಡುತ್ತ ನಿಂತೆ. ಆ ಝಿಪ್ ನನ್ನ ಕಣ್ಣಲ್ಲಿ ಈಗಲೂ ಮೇಲಕ್ಕೆ ಏರುತ್ತಲೇ ಇದೆ. ಅಷ್ಟರಲ್ಲಿ ಪಕ್ಕದ ಐಸಿಯುನಿಂದ ಓಡಿಬಂದ ಅರಿವಳಿಕೆಯ ವೈದ್ಯೆ ಗಂಟಲಿಗೆ ನಳಿಕೆ ಇಳಿಸಿದರು. ಸರ್ಜನ್ ಬಂದವರೇ ಒಂದು ಪಕ್ಕೆಲುಬಿನಷ್ಟು ಮೇಲೆ, ಸ್ವಲ್ಪ ಮುಂದಕ್ಕೆ ಇನ್ನೊಂದು ಕಡೆ ಕೊಯ್ದು, ಏನೂ ಮಾತಾಡದೆ ಬೆರಳು ಇಳಿಸಿ ಸುತ್ತಿಸಿದರು. ಬುಸ್ಸೆಂದು ಗಾಳಿ ಹೊರಬಿತ್ತು. ಎರಡನೆಯ ಟ್ಯೂಬ್ ಹೋಯಿತು. ಬಾಟಲಿಯ ನೀರು ಗುಳುಗುಳು ಎಂದಿತು. ಅಂಕಿ ಮೇಲೇರಲು ಶುರುವಾಯಿತು.

ರೋಗಿಯ ಫೈಲಿನ ಎರಡನೆಯ ಪುಟದಲ್ಲಿ ಬರೆದಿತ್ತು: ಹಳೆಯ ಟಿ.ಬಿ., ಬಲಗಡೆ. ಟಿ.ಬಿ. ವಾಸಿಯಾದ ಜಾಗದಲ್ಲಿ ಶ್ವಾಸಕೋಶ ಗೋಡೆಗೆ ಅಂಟಿಕೊಂಡಿತ್ತು. ಬೆರಳು ಹಾಕಿದ್ದರೆ ತಕ್ಷಣ ತಿಳಿಯುತ್ತಿತ್ತು.

ಮಧ್ಯಾಹ್ನ ಮುಖ್ಯಸ್ಥರ ಕೋಣೆಗೆ ಹೋದೆ. ವಿಷಯ ಆಗಲೇ ತಲುಪಿತ್ತು.

“ಟಿ.ಬಿ. ಲಂಗ್ ಕಣ್ರೀ. ಯಾರ್ ಹಾಕಿದ್ರೂ ಆಗ್ಬಹುದಿತ್ತು. ಪೇಷೆಂಟ್ ಇದಾರಲ್ಲ? ಏನೂ ಆಗಿಲ್ವಲ್ಲ?”

“ಸರ್, ಆಕೆ ಬೆರಳು ಹಾಕ್ಲಿಲ್ಲ. ಹೇಳಿದ್ಲು ಅಷ್ಟೆ. ನಾವು ಹಾಗೇ ಕಲಿಸಿದ್ದು.”

“ನಾವು ಅನ್ಬೇಡಿ.”

“ನೀವು ಹೇಳಿದ್ರಿ, ನಾನು ಟಿಕ್ ಹಾಕ್ದೆ. ಸೋಮವಾರ ಇನ್ನೂ ಹದಿಮೂರು ಜನ ಬರ್ತಾರೆ ಸರ್. ನಿಲ್ಸಿ.”

“ನಿಮಗೆ ಸರ್ಜರಿ ಗೊತ್ತಾ? ಒಂದಾದ್ರೂ ಟ್ಯೂಬ್ ಹಾಕಿದೀರಾ ಜೀವಮಾನದಲ್ಲಿ?” ಎಂದರು. ಕಂಪ್ಯೂಟರಿನ ಕಡೆ ತಿರುಗಿಕೊಂಡರು. ತಿರುಗಿಕೊಂಡೇ, “ಹೋಗಿ, ಡಬ್ಬಿಗಳನ್ನ ವಾಪಸ್ ತರಿಸ್ಕೊಳ್ಳಿ” ಎಂದರು.

ಸತ್ತಿದ್ದರೆ ವಿಚಾರಣೆ ಆಗುತ್ತಿತ್ತು. ಮನುಷ್ಯ ಬದುಕಿದ್ದಕ್ಕೆ ಅದು ಏನೂ ಅಲ್ಲದ್ದಾಯಿತು. ಅವತ್ತಿನ ಕೇಸ್ ಶೀಟಿನಲ್ಲಿ ಒಂದೇ ಸಾಲು ಬರೆದರು: ಬಲಗಡೆ ಎರಡು ಟ್ಯೂಬ್ ಹಾಕಲಾಯಿತು. ಏಕೆ ಎರಡು ಎಂಬುದಕ್ಕೆ ಉತ್ತರವಿಲ್ಲ.

ಡಾಕ್ಟರಮ್ಮ ಸ್ಕಿಲ್ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದಳು. ಪಿಪಿಇ ಬಿಚ್ಚಿದ ಮುಖದ ಮೇಲೆ ಕನ್ನಡಕದ ಅಚ್ಚು. “ಸರ್, ಬೆರಳು ಹಾಕಿದೀನಿ ಅಂತಾನೇ ಅನ್ಸಿತ್ತು ನಂಗೆ. ಆಣೆ ಮಾಡಿ ಹೇಳ್ತೀನಿ. ಹೇಳಿದ ತಕ್ಷಣ ಮಾಡಿದ ಹಾಗೇ ಆಗೋಯ್ತು” ಎಂದಳು. ಆಮೇಲೆ, “ಅವರ ಹೆಂಡತಿಗೆ ಯಾರು ಹೇಳ್ತಾರೆ?” ಎಂದಳು.

“ಯಾರೂ ಹೇಳಲ್ಲ.”

“ಹಾಗಾದ್ರೆ ನಾನೇ ಹೇಳ್ತೀನಿ. ಟ್ಯಾಬ್ ಕೊಡಿ.”

ನಾನು ಕೊಟ್ಟೆ. ಕೊಡಬಾರದು ಎಂದು ಯಾರಾದರೂ ಅಂದಾರು, ಅನ್ನಲಿ. ಪರದೆಯ ಮೇಲೆ ಆ ಹೆಂಗಸು, ಹಿಂದೆ ಅವರ ಮನೆಯ ನೀಲಿ ಗೋಡೆ. ಡಾಕ್ಟರಮ್ಮ ನಿಧಾನವಾಗಿ ಹೇಳಿದಳು: ಟ್ಯೂಬ್ ಹಾಕಿದ್ದು ನಾನು, ತಪ್ಪು ಜಾಗಕ್ಕೆ ಹೋಯ್ತು, ನೋಡ್ಕೋಬೇಕಿತ್ತು, ನೋಡ್ಕೊಳ್ಳಲಿಲ್ಲ, ಆಮೇಲೆ ದೊಡ್ಡ ಡಾಕ್ಟ್ರು ಬಂದು ಸರಿ ಮಾಡಿದ್ರು.

“ಈಗ ಉಸ್ರಾಡ್ತವ್ರಾ ಇಲ್ವಾ? ಅದ್ನ ಹೇಳಮ್ಮ ಮೊದ್ಲು.”

“ಉಸಿರಾಡ್ತಿದಾರೆ. ಮೆಷಿನ್ ಮೇಲಿದಾರೆ.”

ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. “ಅಂಗಾದ್ರೆ ಇನ್ನೊಬ್ರ ಮನೇವ್ರಿಗೆ ಇಂಗ್ ಮಾಡ್ಬೇಡ್ರವ್ವ. ಮುಂದಿನೋರು ಯಾರೋ ಏನೋ. ಅವ್ರಿಗೂ ಎಂಡ್ರು ಮಕ್ಳು ಇರ್ತಾರೆ” ಎಂದು ಫೋನ್ ಇಟ್ಟರು.

ಮುಂದಿನವರು. ಸೋಮವಾರ ಬರುವ ಹದಿಮೂರು ಜನರ ಕೈಗೆ ಸಿಗಲಿರುವ, ಇನ್ನೂ ಆಸ್ಪತ್ರೆಗೇ ಬಂದಿರದ ಯಾರೋ.

ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ಹಾಕಿಕೊಂಡು ಹದಿನಾಲ್ಕು ವಿಡಿಯೊಗಳನ್ನೂ ಮತ್ತೆ ನೋಡಿದೆ. ಈ ಸಲ ಧ್ವನಿ ಪೂರ್ತಿ ನಿಲ್ಲಿಸಿ. ಮಾತು ಹೋದ ಮೇಲೆ ಉಳಿದದ್ದು ಕೈಗಳು ಮಾತ್ರ. ಹದಿನಾಲ್ಕರಲ್ಲಿ ಬೆರಳು ಒಳಗೆ ಇಳಿದದ್ದು ಮೂರರಲ್ಲಿ. ಉಳಿದವರ ತೋರುಬೆರಳು ಗಾಳಿಯಲ್ಲಿ ಒಂದು ಸಣ್ಣ ಸುತ್ತು ಹಾಕಿ ಹಿಂದಕ್ಕೆ ಬಂದಿತ್ತು. ಒಬ್ಬರದ್ದಂತೂ ಅಷ್ಟೂ ಮಾಡಿರಲಿಲ್ಲ. ಎಲ್ಲರ ಹೆಸರಿನ ಮುಂದೂ, ಏಳನೆಯ ಸಾಲಿನಲ್ಲಿ, ನನ್ನ ಟಿಕ್ ಅಚ್ಚುಕಟ್ಟಾಗಿ ಕೂತಿತ್ತು. ಟೇಬಲ್ಲಿಗೆ ಗುದ್ದಿದೆ. ಕೈ ನೋವಾಯಿತು, ಅಷ್ಟೇ.

ಮುಖ್ಯಸ್ಥರಿಗೆ ಮೇಲ್ ಬರೆದೆ. ಉತ್ತರವಿಲ್ಲ. ಫೋನ್ ಮಾಡಿದೆ. ಮೀಟಿಂಗ್. ಶನಿವಾರವೂ ಮೀಟಿಂಗ್. ಮಧ್ಯಾಹ್ನ ಮೂರಕ್ಕೆ ನಾನು ಪೆನ್ನು, ಸ್ಪಿರಿಟ್, ಹತ್ತಿ ತೆಗೆದುಕೊಂಡು ವಾರ್ಡಿನ ಹೊರಕೌಂಟರಿಗೆ ಹೋದೆ. ಸ್ಪಿರಿಟ್ ಹಚ್ಚಿ ಲ್ಯಾಮಿನೇಶನ್ ಬಿಡಿಸಿ, ಪಟ್ಟಿಯಲ್ಲಿದ್ದ ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಬರೆದೆ: “ಇವರು ಏಳನೆಯ ಹಂತ ಮಾಡಿದ್ದನ್ನು ನಾನು ನೋಡಿಲ್ಲ. ಹೇಳಿದ್ದನ್ನು ಕೇಳಿ ಸಹಿ ಹಾಕಿದ್ದೆ. ಆ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ.” ದಿನಾಂಕ ಹಾಕಿ ಅದರ ಫೋಟೋವನ್ನು ನರ್ಸಿಂಗ್ ಸೂಪರಿಂಟೆಂಡೆಂಟರಿಗೂ ಹದಿನಾಲ್ಕು ಜನಕ್ಕೂ ಕಳಿಸಿದೆ. ಬೆರಳು ಹಾಕಿದ್ದ ಮೂವರನ್ನು ಬಿಡಬಹುದಿತ್ತು. ಆದರೆ ಖಾಲಿ ಟಬ್ಬಿನಲ್ಲಿ ಬೆರಳು ಆಡಿಸಿದ್ದಕ್ಕೆ ಏನು ಬೆಲೆ?

ಹಿರಿಯ ಸಿಸ್ಟರ್ ಓದಿ, ಪಟ್ಟಿಯನ್ನು ಅದೇ ಜಾಗಕ್ಕೆ ಮತ್ತೆ ಅಂಟಿಸಿದರು. “ಈಗ ಇಲ್ಲಿರೋದು ಒಂದೇ ಸೈನು. ಎರಡು ಸೈನ್ ಇಲ್ದೆ ನಾನು ಟ್ರೇ ಕೊಡಂಗಿಲ್ಲ. ರೂಲ್ ನಂದಲ್ಲಪ್ಪ, ಅವ್ರದ್ದೇ” ಎಂದರು. ಆಮೇಲೆ ದನಿ ತಗ್ಗಿಸಿ, “ಗುರುವಾರ ನಿಮಗೆ ಕಾಣ್ತಿತ್ತು ಅಲ್ವಾ ಸರ್, ಕೈ?” ಎಂದರು.

“ಕಾಣ್ತಿತ್ತು.”

ಅವರು ತಲೆಯಾಡಿಸಿದರು. ಸಮಾಧಾನದ ಮಾತೇನೂ ಆಡಲಿಲ್ಲ. ಆಡದೇ ಇದ್ದದ್ದಕ್ಕೆ ಅವರ ಮೇಲೆ ಗೌರವ ಇದೆ.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರ ಫೋನು.

“ಏನ್ರೀ ಮಾಡಿದೀರಾ? ಇವತ್ತು ಐಸಿಯುನಲ್ಲಿ ಒಬ್ರಿಗೆ ಟ್ಯೂಬ್ ಮುಕ್ಕಾಲು ಗಂಟೆ ತಡ ಆಯ್ತು ಗೊತ್ತಾ? ಪಟ್ಟೀಲಿರೋ ಹುಡುಗ ಪಕ್ಕದಲ್ಲೇ ನಿಂತಿದ್ದ, ಸಿಸ್ಟರ್ ಟ್ರೇ ಕೊಡ್ಲಿಲ್ಲ! ಸತ್ತಿದ್ರೆ ನೀವು ಉತ್ತರ ಕೊಡ್ತಿದ್ರಾ?”

ಆ ಮುಕ್ಕಾಲು ಗಂಟೆಯೂ ನನ್ನ ಲೆಕ್ಕಕ್ಕೇ ಸೇರಿದ್ದು. “ಐದು ದಿನ ಕೊಡಿ ಸರ್” ಎಂದೆ. “ಐದು ದಿನದಲ್ಲಿ ಎಲ್ಲರದ್ದೂ ನಾನೇ ಎದುರಿಗೆ ನಿಂತು ನೋಡ್ತೀನಿ. ನೋಡಿದವರಿಗೆ ಸೈನ್ ಹಾಕ್ತೀನಿ.”

“ಆಮೇಲೆ ನಿಮ್ಮ ವಿಷ್ಯ ಮಾತಾಡೋಣ” ಎಂದು ಇಟ್ಟರು.

ಅವತ್ತೇ ಹೊಸ ಟಬ್ಬುಗಳನ್ನು ತಂದೆ. ಈ ಸಲ ಒಳಗೆ ಅರ್ಧ ಊದಿದ ದಪ್ಪ ಬಲೂನು. ಕೆಲವುಗಳಲ್ಲಿ ಬಲೂನು ಸಡಿಲವಾಗಿ ತೂಗುತ್ತಿತ್ತು, ಕೆಲವುಗಳಲ್ಲಿ ಪಕ್ಕೆಲುಬಿಗೆ ಅಂಟು ಹಾಕಿ ಮೆತ್ತಿದ್ದೆ. ಒಂದೆರಡರಲ್ಲಿ ಬಲೂನಿನ ಬದಲು ನೆನೆಸಿದ ಸ್ಪಂಜು, ದಾರಿ ತಪ್ಪಿ ಹೊಟ್ಟೆಗೆ ಇಳಿದರೆ ಸಿಗುವ ಹಾಗೆ. ಸುತ್ತಲೂ ಟೇಪ್ ಸುತ್ತಿ ಮುಚ್ಚಿದೆ. ಯಾವುದರಲ್ಲಿ ಏನಿದೆ ಎಂದು ನನಗೊಬ್ಬನಿಗೇ ಗೊತ್ತು. ಬಾಯಲ್ಲಿ ಹಂತ ಹೇಳುವಂತಿಲ್ಲ. ಕೈಗೆ ಏನು ಸಿಕ್ಕಿತು ಎಂದಷ್ಟೇ ಹೇಳಬೇಕು.

ಗ್ಲೌಸ್ ಬೇಕಿತ್ತಲ್ಲ, ಹಿರಿಯ ಸಿಸ್ಟರನ್ನು ಕೇಳಿದೆ. ಅವರು ಸ್ಟೋರಿನ ಮೂಲೆ ತೋರಿಸಿದರು. ಅವಧಿ ಮುಗಿದ ಗ್ಲೌಸುಗಳ ಎರಡು ದೊಡ್ಡ ಪೆಟ್ಟಿಗೆ. ರೋಗಿಗಳಿಗೆ ಬಳಸುವಂತಿಲ್ಲ, ಕುರಿಯ ಪಕ್ಕೆಲುಬಿಗೆ ಧಾರಾಳವಾಗಿ ಸಾಕು. “ಇದು ಎಷ್ಟು ದಿನದಿಂದ ಇದೆ ಸಿಸ್ಟರ್?” ಎಂದೆ. “ಹೋದ ವರ್ಷದಿಂದ. ಯಾರೂ ಕೇಳ್ಲಿಲ್ವಲ್ಲ” ಎಂದರು. ಆ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಯಾರ ಮೇಲೆ ಕೂಗಾಡಲಿ? ಮುಖ್ಯಸ್ಥರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಒಬ್ಬ ಮನುಷ್ಯನ ಶ್ವಾಸಕೋಶಕ್ಕೆ ತೂತು ಬಿದ್ದದ್ದು, ನಾವು ಇಬ್ಬರೂ ಸ್ಟೋರಿಗೆ ಒಂದು ಫೋನ್ ಮಾಡದೇ ಇದ್ದದ್ದಕ್ಕೆ.

ಸಹಿ ಸಿಗುವವರೆಗೆ ಎಲ್ಲರೂ ಮತ್ತೆ ಮನೆಯಲ್ಲೇ ಇದ್ದರು; ಮಂಗಳವಾರದಿಂದ ಮನೆಮನೆಗೆ ಹೋದೆ. ಗೇಟಿನಲ್ಲಿ, ಪಾರ್ಕಿಂಗಿನಲ್ಲಿ, ಟೆರೇಸಿನಲ್ಲಿ ಆರಡಿ ದೂರ ನಿಂತು ಕೈಗಳನ್ನು ನೋಡಿದೆ. ಅಟ್ಟೂರಿನವನು ಅಂಟಿದ ಬಲೂನನ್ನು ಒಡೆದೇಬಿಟ್ಟ. ಟೆರೇಸಿನ ಮೇಲೆ ಸದ್ದು ಪಟ್ಟೆಂದಾಗ ಅಜ್ಜಿ ಕೆಳಗಿನಿಂದ ಕೂಗಿದರು. ಅವನು ನಗಲಿಲ್ಲ, ಮುಖ ಬಿಳಿಚಿತ್ತು. ಮೊದಲ ಸುತ್ತಿನಲ್ಲಿ ಬಲೂನು ಒಡೆದವರು ಆರು ಜನ. ಎರಡನೆಯ ದಿನ ಮತ್ತೆ ಹೋದೆ, ಮೂರನೆಯ ದಿನ ಮತ್ತೆ.

ಆರ್.ಟಿ. ನಗರಕ್ಕೆ ಕೊನೆಯಲ್ಲಿ ಹೋದೆ. ಅವಳು ವಾರ್ಡಿಗೆ ಹೋಗುವುದನ್ನು ತಾನೇ ನಿಲ್ಲಿಸಿದ್ದಳು. ಒಂಬತ್ತನೆಯ ಹಾಸಿಗೆಯವರನ್ನು ಯಂತ್ರದಿಂದ ಬಿಡಿಸಿದ್ದಾರೆ, ನನ್ನನ್ನು ಕಂಡು ಕೈ ಎತ್ತಿದರು ಎಂದು ಹೇಳಿದೆ. ಅವಳು ಕಣ್ಣು ಮುಚ್ಚಿ ತೆರೆದಳು. ಅವಳ ತಾಯಿ ಮೆಟ್ಟಿಲ ಮೇಲೆ ಹಳೆಯ ಚಾಪೆ ಹಾಸಿ ಒಳಗೆ ಹೋದರು.

ಟಬ್ ಇಟ್ಟು ಹಿಂದಕ್ಕೆ ಸರಿದೆ. ಕೊಯ್ದಳು, ಬಿಡಿಸಿದಳು. ಫೋರ್ಸೆಪ್ಸನ್ನು ಹೊರಗೆ ತೆಗೆದು ಪಕ್ಕಕ್ಕಿಟ್ಟಳು. ಟ್ಯೂಬನ್ನು ಮುಟ್ಟಲಿಲ್ಲ. ಬೆರಳು ಇಳಿಸಿದಳು. ನಿಧಾನಕ್ಕೆ ಒಂದು ಸುತ್ತು. ನಿಲ್ಲಿಸಿ ಮತ್ತೆ ಒಂದು ಸುತ್ತು. ಗ್ಲೌಸ್ ಹರಿಯಿತು, ಬೆರಳು ತೆಗೆದು, ಗ್ಲೌಸ್ ಬದಲಾಯಿಸಿ, ಮತ್ತೆ ಇಳಿಸಿದಳು. ಗಡಿಯಾರ ಎಂಟು ನಿಮಿಷ ದಾಟಿತು, ಒಂಬತ್ತು, ಹತ್ತು. ಬೀದಿಯಲ್ಲಿ ಆಂಬುಲೆನ್ಸ್ ಒಂದು ಹೋಯಿತು, ಅವಳು ತಲೆ ಎತ್ತಲಿಲ್ಲ.

“ಮೇಲಿಂದ ಹಿಂದಿನವರೆಗೂ ಅಂಟಿದೆ ಸರ್. ಬೆರಳು ಸುತ್ತೋಕೇ ಜಾಗ ಇಲ್ಲ” ಎಂದಳು. “ನಾನಿಲ್ಲಿ ಟ್ಯೂಬ್ ಹಾಕಲ್ಲ. ಮುಚ್ಚಿ, ಸೀನಿಯರ್‌ನ ಕರೀತೀನಿ.”

ಸರಿಯಿತ್ತು. ನಾನು ಹೊಸ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸಹಿ ಹಾಕಿದೆ. ಅವಳು ಗ್ಲೌಸ್ ಬಿಚ್ಚುತ್ತ ಕೇಳಿದಳು:

“ಸರ್, ಹೋದ ಸಲ ವಿಡಿಯೊದಲ್ಲಿ ನಾನು ಹೀಗೇ ನಿಲ್ಸಿ, ಹಾಕಲ್ಲ ಅಂದಿದ್ರೆ, ಏನ್ ಮಾಡ್ತಿದ್ರಿ?”

ಸುಳ್ಳು ಹೇಳಬಹುದಿತ್ತು.

“ಹತ್ತು ನಿಮಿಷದಲ್ಲಿ ಟ್ಯೂಬ್ ಒಳಗಿಲ್ಲ ಅಂತ ಫೇಲ್ ಮಾಡ್ತಿದ್ದೆ ಡಾಕ್ಟ್ರೇ” ಎಂದೆ.